ಮೈಸೂರಿನಲ್ಲಿ ಓದುತ್ತಿದ್ದೀರಾ? ನಾಟಕ, ಸಂಗೀತ, ಚಿತ್ರಕಲೆ ಸವಿಯಲು ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಮಾನಸಗಂಗೋತ್ರಿಗೆ ಓದಲು ಬರುವ ಎಷ್ಟೋ ಜನ ಹಾಸ್ಟೆಲ್, ಡಿಪಾರ್ಟ್‌ಮೆಂಟ್, ಲೈಬ್ರರಿ, ಕುಕ್ಕರಹಳ್ಳಿ ಕೆರೆ ಏರಿ ಇಷ್ಟರಲ್ಲೇ ಎರಡು ವರ್ಷ ಮುಗಿಸಿ ಊರಿಗೆ ಹೋಗಿಬಿಡುತ್ತಾರೆ. ಕಲಾಮಂದಿರ ಅಷ್ಟು ಹತ್ತಿರ ಇದ್ದರೂ ಒಂದು ನಾಟಕ ನೋಡಿರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಮೈಸೂರಿನಂಥ ಊರಿನಲ್ಲಿ ಕಲೆ ನೋಡುವುದಕ್ಕೆ ದುಡ್ಡು ಅಷ್ಟಾಗಿ ಬೇಡ, ಸಂಜೆ ಬಿಡುವಿದ್ದರೆ ಸಾಕು. ಆ ಬಿಡುವು ವಿದ್ಯಾರ್ಥಿಗಳಿಗೆ ಸಿಗುವಷ್ಟು ಕೆಲಸಕ್ಕೆ ಸೇರಿದವರಿಗೆ ಸಿಗುವುದಿಲ್ಲ.

ಹಾಗಾಗಿ ಎಲ್ಲಿ ಹೋಗಬೇಕು, ಹೇಗೆ ಕೂರಬೇಕು, ಏನನ್ನು ಗಮನಿಸಬೇಕು, ನೋಡಿದ ಮೇಲೆ ಏನು ಮಾಡಬೇಕು ಎಲ್ಲವನ್ನೂ ಕ್ರಮವಾಗಿ ಬರೆದಿದ್ದೇನೆ. ಮಹಾರಾಜ, ಮಹಾರಾಣಿ, ಯುವರಾಜ ಕಾಲೇಜಿನವರಿಗೂ ಇದೇ ಅನ್ವಯ. ಧಾರವಾಡ, ಶಿವಮೊಗ್ಗ, ಬೆಂಗಳೂರಿನಲ್ಲಿ ಓದುವವರು ಜಾಗಗಳ ಹೆಸರು ಬದಲಾಯಿಸಿಕೊಂಡರೆ ಆಯಿತು.

ಹೆಜ್ಜೆ 1: ಒಂದು ಸೆಮಿಸ್ಟರ್, ಒಂದು ಕಲೆ

ಶುರುವಿನಲ್ಲಿ ಎಲ್ಲವನ್ನೂ ನೋಡಿಬಿಡಬೇಕು ಅಂತ ಅನಿಸುತ್ತದೆ. ಒಂದು ವಾರ ನಾಟಕ, ಮುಂದಿನ ವಾರ ಕಛೇರಿ, ಆಮೇಲೆ ಚಿತ್ರ ಪ್ರದರ್ಶನ. ಹೀಗೆ ಮಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಮೊದಲ ನಾಟಕ ಅರ್ಧಂಬರ್ಧ ಅರ್ಥವಾಗುತ್ತದೆ, ಮೊದಲ ಕಛೇರಿ ಉದ್ದ ಅನಿಸುತ್ತದೆ, "ಇದು ನಮಗಲ್ಲ ಬಿಡು" ಅಂತ ರೂಮಿಗೆ ವಾಪಸ್ ಬರುತ್ತೀರಿ. ನಾಲ್ಕನೆಯ ಸಲ ಹೋದಾಗ ಆಗುವ ಬದಲಾವಣೆ ಮೊದಲ ಸಲಕ್ಕೆ ಗೊತ್ತಾಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟೇ. ಒಂದು ಸೆಮಿಸ್ಟರ್‌ಗೆ ಒಂದು ಕಲೆ ಆರಿಸಿಕೊಂಡು ಅದಕ್ಕೇ ಪದೇ ಪದೇ ಹೋಗಿ. ಉಳಿದವು ಎದುರಾದರೆ ನೋಡಿ, ಹುಡುಕಿಕೊಂಡು ಹೋಗಬೇಡಿ. ಯಾವುದರಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ನಾಟಕದಿಂದ ಮಾಡಿ. ಕನ್ನಡ ಬಂದರೆ ಸಾಕು, ಬೇರೆ ತಯಾರಿ ಬೇಡ.

ಹೆಜ್ಜೆ 2: ಎಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯುವುದು

ಇನ್‌ಸ್ಟಾಗ್ರಾಂ ಒಂದನ್ನೇ ನಂಬಿ ಕೂತರೆ ಅರ್ಧಕ್ಕರ್ಧ ಕಾರ್ಯಕ್ರಮ ತಪ್ಪಿಹೋಗುತ್ತವೆ. ಮೈಸೂರಿನ ಸಂಗೀತ ಸಭೆಗಳು, ಹವ್ಯಾಸಿ ನಾಟಕ ತಂಡಗಳು ಈಗಲೂ ಪತ್ರಿಕೆಗೆ ಪ್ರಕಟಣೆ ಕೊಡುತ್ತವೆ. ಹಾಸ್ಟೆಲ್ಲಿನ ಪೇಪರ್ ಸ್ಟ್ಯಾಂಡಿನಲ್ಲಿ 'ಆಂದೋಲನ' ಅಥವಾ 'ಮೈಸೂರು ಮಿತ್ರ' ಇದ್ದರೆ ಇವತ್ತಿನ ಕಾರ್ಯಕ್ರಮಗಳ ಪಟ್ಟಿಯನ್ನು ಬೆಳಿಗ್ಗೆ ತಿಂಡಿ ತಿನ್ನುವಾಗ ನೋಡಿಬಿಡಿ. ಕಲಾಮಂದಿರದ ಗೇಟಿನ ಬಳಿ ಕಟ್ಟುವ ಬ್ಯಾನರ್‌ಗಳನ್ನೂ ಬಸ್ಸಿನಿಂದಲೇ ಓದಬಹುದು.

ಎಲ್ಲಕ್ಕಿಂತ ಒಳ್ಳೆಯ ದಾರಿ ಅಂದರೆ ನಾಟಕ ಮುಗಿದ ಮೇಲೆ ತಂಡದವರ ಹತ್ತಿರ ಹೋಗಿ "ಸಾರ್, ನಿಮ್ಮ ವಾಟ್ಸಾಪ್ ಗ್ರೂಪಿಗೆ ನಮ್ಮನ್ನೂ ಸೇರಿಸಿ" ಅಂತ ಕೇಳುವುದು. ಯಾರೂ ಇಲ್ಲ ಅನ್ನುವುದಿಲ್ಲ. ವಿದ್ಯಾರ್ಥಿಗಳು ಬಂದರೆ ಅವರಿಗೆ ತುಂಬ ಖುಷಿ.

ಹೆಜ್ಜೆ 3: ದುಡ್ಡು, ಬಸ್ಸು, ಹಾಸ್ಟೆಲ್ ಗೇಟು

ಶಾಸ್ತ್ರೀಯ ಸಂಗೀತದ ಎಷ್ಟೋ ಕಾರ್ಯಕ್ರಮಗಳು ಉಚಿತ. ನಾಟಕದ ಟಿಕೆಟ್ ಸಾಮಾನ್ಯವಾಗಿ ಮಾಲ್‌ನಲ್ಲಿ ಒಂದು ಸಿನಿಮಾ ನೋಡುವುದಕ್ಕಿಂತ ಅಗ್ಗ. ಕೆಲವು ಕಡೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುತ್ತದೆ, ಆದರೆ ಅದನ್ನು ಬೋರ್ಡಿನಲ್ಲಿ ಬರೆದಿರುವುದಿಲ್ಲ. ಐಡಿ ಕಾರ್ಡ್ ಜೇಬಿನಲ್ಲಿರಲಿ, ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ನಮ್ಮ ರಾಜ್ಯದ ಹುಡುಗಿಯರಿಗೆ ಸಿಟಿ ಬಸ್ಸಿನ ಖರ್ಚೂ ಇಲ್ಲ.

ನಿಜವಾದ ಅಡ್ಡಿ ಹಾಸ್ಟೆಲ್ ಗೇಟಿನ ಸಮಯ, ಅದರಲ್ಲೂ ಹುಡುಗಿಯರಿಗೆ. ನಾಟಕ ಮುಗಿಯುವುದೇ ಎಂಟೂವರೆ ಆಗುತ್ತದೆ. ಕದ್ದುಮುಚ್ಚಿ ಹೋಗುವುದಕ್ಕಿಂತ ನಾಲ್ಕೈದು ಜನ ಸೇರಿ ವಾರ್ಡನ್‌ಗೆ ಮೊದಲೇ ಪತ್ರ ಕೊಡಿ. ಯಾವ ನಾಟಕ, ಎಲ್ಲಿ, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಯಾರ್‍ಯಾರು ಹೋಗುತ್ತೇವೆ ಅಂತ ಸ್ಪಷ್ಟವಾಗಿ ಬರೆಯಿರಿ. ಡಿಪಾರ್ಟ್‌ಮೆಂಟಿನ ಒಬ್ಬ ಮೇಡಂ ಅಥವಾ ಸಾರ್ ಹತ್ತಿರ ಸಹಿ ಹಾಕಿಸಿಕೊಂಡರೆ ಇನ್ನೂ ಗಟ್ಟಿ. ವಾಪಸ್ ಬರುವ ಆಟೋ ಮೊದಲೇ ಗೊತ್ತು ಮಾಡಿಕೊಳ್ಳಿ. ಮೆಸ್‌ನಲ್ಲಿ "ಅಣ್ಣ, ನಾಲ್ಕು ಊಟ ಎತ್ತಿಡಿ" ಅಂತ ಸಂಜೆಯೇ ಹೇಳಿ ಹೋಗಿ, ಇಲ್ಲದಿದ್ದರೆ ರಾತ್ರಿ ಹೋಟೆಲಿಗೆ ಕೊಡುವ ದುಡ್ಡು ಟಿಕೆಟ್ಟಿಗಿಂತ ಜಾಸ್ತಿ ಆಗುತ್ತದೆ.

ಹತ್ತು ಹದಿನೈದು ಜನರ ಗುಂಪು ಕಟ್ಟಿಕೊಂಡು ಹೋಗುವುದು ನನಗೆ ಇಷ್ಟವಿಲ್ಲ. ಅಷ್ಟು ಜನ ಒಟ್ಟಿಗೆ ಕೂತರೆ ರಂಗದ ಕಡೆ ಗಮನ ಇರುವುದಿಲ್ಲ. ಇಬ್ಬರು ಮೂವರು ಸಾಕು. ಯಾರೂ ಬರದಿದ್ದರೆ ಒಬ್ಬರೇ ಹೋಗಿ, ಅದರಲ್ಲಿ ಮುಜುಗರ ಪಡುವಂಥದ್ದೇನೂ ಇಲ್ಲ.

ಹೆಜ್ಜೆ 4: ನಾಟಕ ನೋಡುವುದು

ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲೇ ರಂಗಾಯಣ ಇದೆ. 1989ರಲ್ಲಿ ಬಿ.ವಿ. ಕಾರಂತರು ಇದರ ಮೊದಲ ನಿರ್ದೇಶಕರಾಗಿ ಬಂದರು. ಕಲಾವಿದರು ಸಂಬಳ ಪಡೆದು ದಿನವಿಡೀ ನಾಟಕವನ್ನೇ ಕೆಲಸವಾಗಿ ಮಾಡುವ ಸರ್ಕಾರಿ ರೆಪರ್ಟರಿ ಇದು. ಕಾರ್ಯಕ್ರಮಗಳು ಭೂಮಿಗೀತ, ವನರಂಗ, ಕಿರುರಂಗಮಂದಿರ ಮತ್ತು ದೊಡ್ಡ ಕಲಾಮಂದಿರದಲ್ಲಿ ನಡೆಯುತ್ತವೆ. ಪೋಸ್ಟರಿನಲ್ಲಿ ಯಾವ ಹೆಸರಿದೆ ಅಂತ ನೋಡಿಕೊಂಡು ಹೋಗಿ, ಎಲ್ಲವೂ ಒಂದೇ ಕಾಂಪೌಂಡ್ ಆದ್ದರಿಂದ ಹೊಸಬರು ಬೇರೆ ಬಾಗಿಲಲ್ಲಿ ಕಾಯುವುದುಂಟು.

ಶುರುವಿಗೆ ಭೂಮಿಗೀತ ಒಳ್ಳೆಯದು. ಅಲ್ಲಿ ನಟರಿಗೂ ನಮಗೂ ನಡುವೆ ಅಂತರ ಕಡಿಮೆ. ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ವಾರದ ಕೊನೆಯಲ್ಲಿ ಸಂಜೆ ಪ್ರದರ್ಶನ ಇರುವುದು ಇಲ್ಲಿನ ಹಳೆಯ ರೂಢಿ. ಆರೂವರೆ ಅಂದರೆ ಆರು ಕಾಲಿಗೇ ಒಳಗಿರಿ. ಮೂರನೇ ಬೆಲ್ ಆದ ಮೇಲೆ ಕತ್ತಲಲ್ಲಿ ಕಾಲು ತುಳಿದುಕೊಂಡು ಬರುವವರಿಂದ ನಟರ ಮೊದಲ ಮಾತುಗಳೇ ಹಾಳಾಗುತ್ತವೆ.

ಮೊಬೈಲ್ ಆಫ್ ಮಾಡಿ. ಸೈಲೆಂಟ್ ಅಲ್ಲ, ಆಫ್. ಕತ್ತಲಲ್ಲಿ ಒಂದು ಸ್ಕ್ರೀನ್ ಹೊತ್ತಿಕೊಂಡರೆ ರಂಗದ ಮೇಲಿರುವವರಿಗೂ ಕಾಣುತ್ತದೆ. ವಿಡಿಯೊ ಮಾಡಲೇಬೇಡಿ.

ಏನು ನೋಡಬೇಕು? ಕಥೆ ಹೇಗೂ ತಲೆಗೆ ಹೋಗುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಒಂದು ಅಭ್ಯಾಸ ಹೇಳುತ್ತೇನೆ, ಮಾಡಿ ನೋಡಿ. ಯಾರಾದರೂ ದೊಡ್ಡ ಮಾತು ಹೇಳುತ್ತಿರುವಾಗ, ಮಾತಾಡದೆ ಪಕ್ಕದಲ್ಲಿ ನಿಂತಿರುವ ನಟಿಯನ್ನೋ ನಟನನ್ನೋ ನೋಡಿ. ಕೈ ಎಲ್ಲಿದೆ? ಭಾರ ಯಾವ ಕಾಲಿನ ಮೇಲಿದೆ? ಮಾತು ಕಿವಿಗೆ ಬಿದ್ದ ಕ್ಷಣ ಮುಖ ಬದಲಾಯಿತಾ, ಅಥವಾ ತನ್ನ ಸರದಿಗೆ ಸುಮ್ನೆ ಕಾಯುತ್ತಾ ನಿಂತಿದ್ದಾರಾ? ಒಳ್ಳೆಯ ನಟರು ಕೇಳಿಸಿಕೊಳ್ಳುವುದನ್ನೂ ಅಭಿನಯಿಸುತ್ತಾರೆ. ಇದು ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಟಿವಿ ಧಾರಾವಾಹಿ ನೋಡುವಾಗಲೂ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೆಯದು ಬೆಳಕು. ದೃಶ್ಯ ಬದಲಾಗುವಾಗ ಬೆಳಕು ಒಮ್ಮೆಗೇ ಹೋಯಿತಾ, ನಿಧಾನಕ್ಕೆ ಇಳಿಯಿತಾ, ಯಾರ ಮೇಲೆ ಕೊನೆಗೆ ಉಳಿಯಿತು ಅಂತ ಗಮನಿಸಿ. ಮೂರನೆಯದು ಹಾಡು. ಕಾರಂತರು ಹಾಡನ್ನು ನಾಟಕದ ಮೈಯೊಳಗೇ ಸೇರಿಸಿದವರು, ಸಿಕ್ಕ ಸಾಮಾನಿನಿಂದಲೂ ಸದ್ದು ಹೊರಡಿಸುತ್ತಿದ್ದರು. ಆ ಗುಣ ಕನ್ನಡ ರಂಗಭೂಮಿಯಲ್ಲಿ ಇವತ್ತಿಗೂ ಇದೆ. ಹಾಡುವ, ವಾದ್ಯ ನುಡಿಸುವ ಮೇಳದವರು ಕೂತಿರುವ ಕಡೆಗೂ ಆಗಾಗ ಕಣ್ಣು ಹಾಯಿಸಿ.

ಇಷ್ಟವಾದ ನಾಟಕವನ್ನು ಎರಡನೇ ಸಲ ನೋಡಿ. ಹೊಸ ನಾಟಕ ಬಿಟ್ಟಾದರೂ ಇದನ್ನು ನೋಡಿ ಅನ್ನುತ್ತೇನೆ. ಮೊದಲ ಸಲ ಮುಂದೆ ಕೂತಿದ್ದರೆ ಈ ಸಲ ಹಿಂದೆ ಕೂರಿ. ಹಿಂದಿನಿಂದ ಇಡೀ ರಂಗದ ವಿನ್ಯಾಸ ಕಾಣುತ್ತದೆ, ಯಾರು ಯಾಕೆ ಆ ಜಾಗಕ್ಕೇ ಹೋಗಿ ನಿಂತರು ಅಂತ ಹೊಳೆಯುತ್ತದೆ.

ರಂಗಾಯಣದ ಬಹುರೂಪಿ ನಾಟಕೋತ್ಸವ ಸಾಮಾನ್ಯವಾಗಿ ಚಳಿಗಾಲದ ಆಸುಪಾಸಿನಲ್ಲಿ ಬರುತ್ತದೆ. ಬೇರೆ ಬೇರೆ ರಾಜ್ಯಗಳ, ಭಾಷೆಗಳ ನಾಟಕಗಳು, ಜಾನಪದ ಕಲೆ, ಪುಸ್ತಕ ಮಳಿಗೆ, ತಿಂಡಿ ಅಂಗಡಿ ಎಲ್ಲ ಇರುತ್ತವೆ. ಜಾತ್ರೆ ಥರ ಓಡಾಡಲು ಚೆನ್ನ. ಆದರೆ ಒಂದೇ ದಿನ ಮೂರು ನಾಟಕ ನೋಡಬೇಡಿ, ಎಲ್ಲ ಕಲಸಿಹೋಗುತ್ತದೆ. ದಿನಕ್ಕೊಂದು ನೋಡಿ, ಭಾಷೆ ಬರದ ಒಂದು ನಾಟಕವನ್ನಾದರೂ ಪಟ್ಟಿಯಲ್ಲಿಟ್ಟುಕೊಳ್ಳಿ. ವನರಂಗ ಬಯಲು. ಜನವರಿ ರಾತ್ರಿಗೆ ಸ್ವೆಟರ್ ಬೇಕೇ ಬೇಕು.

ಇಡೀ ರಾತ್ರಿಯ ನಾಟಕ ನೋಡುವ ಅವಕಾಶ ಬಂದರೆ ಬಿಡಬೇಡಿ. ಕುವೆಂಪು ಅವರ ದೊಡ್ಡ ಕಾದಂಬರಿಯೊಂದನ್ನು 2010ರಲ್ಲಿ ಇದೇ ಆವರಣದ ಬೇರೆ ಬೇರೆ ಬಯಲು ರಂಗಗಳಲ್ಲಿ ಸುಮಾರು ಒಂಬತ್ತು ಗಂಟೆ ಆಡಿದರು. ಪ್ರೇಕ್ಷಕರು ಒಂದು ರಂಗದಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಿ ಕೂರಬೇಕಿತ್ತು. ಅಂಥದ್ದಕ್ಕೆ ಹೋಗುವಾಗ ಮಧ್ಯಾಹ್ನ ಒಂದು ನಿದ್ದೆ ಮಾಡಿ, ಹೊಟ್ಟೆ ತುಂಬ ಉಂಡು, ಚಾಪೆಯೋ ದಪ್ಪ ಶಾಲೋ ತೆಗೆದುಕೊಂಡು ಹೋಗಿ. ಮಾರನೆಯ ದಿನ ಇಂಟರ್ನಲ್ಸ್ ಇಲ್ಲ ಅಂತ ನೋಡಿಕೊಳ್ಳಿ.

ರಂಗಾಯಣದ ಆಚೆಗೂ ಮೈಸೂರಿನಲ್ಲಿ ರಂಗಭೂಮಿ ಜೋರಾಗಿದೆ. ರಾಮಕೃಷ್ಣನಗರದಲ್ಲಿ 'ನಟನ' ರಂಗಶಾಲೆ ಇದೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ನಾಟಕ ತಂಡ 'ತಿರುಗಾಟ' 1985ರಿಂದ ಊರೂರು ಸುತ್ತುತ್ತಿದೆ, ಮೈಸೂರಿಗೆ ಬಂದಾಗ ತಪ್ಪಿಸಿಕೊಳ್ಳಬೇಡಿ. ಕರಾವಳಿಯಿಂದ ಬಂದಿರುವವರು ರಜೆಗೆ ಊರಿಗೆ ಹೋದಾಗ ಒಂದು ರಾತ್ರಿ ಯಕ್ಷಗಾನಕ್ಕೆ ಅಂತ ಎತ್ತಿಡಿ, ಜೊತೆಗೆ ಬಯಲುಸೀಮೆಯ ಒಬ್ಬ ಗೆಳೆಯನನ್ನೂ ಕರೆದುಕೊಂಡು ಹೋಗಿ. ಮೇಳಗಳ ತಿರುಗಾಟ ನವೆಂಬರಿನಿಂದ ಮೇವರೆಗೆ ಇರುತ್ತದೆ.

ಹೆಜ್ಜೆ 5: ಕಛೇರಿ ಕೇಳುವುದು

ಸಂಗೀತ ಕಲಿತವರಿಗೆ ಮಾತ್ರ ಅನ್ನುವ ಭಯದಿಂದಲೇ ಎಷ್ಟೋ ಜನ ಶಾಸ್ತ್ರೀಯ ಸಂಗೀತದ ಹತ್ತಿರ ಹೋಗುವುದಿಲ್ಲ. ಆ ಭಯ ಬಿಡಿ. ರಾಗ ಗುರುತಿಸಲು ಬರಬೇಕಿಲ್ಲ. ಮೊದಲು ತಾಳ ಹಿಡಿಯಿರಿ.

ಆದಿತಾಳದಿಂದ ಶುರು ಮಾಡಿ, ಕಛೇರಿಯಲ್ಲಿ ಹೆಚ್ಚು ಸಿಗುವುದು ಅದೇ. ಎಂಟು ಎಣಿಕೆ. ಬಲ ಅಂಗೈಯನ್ನು ತೊಡೆಯ ಮೇಲೆ ಒಂದು ಸಲ ತಟ್ಟಿ, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಒಂದೊಂದಾಗಿ ತಾಗಿಸಿ. ನಾಲ್ಕಾಯಿತು. ಈಗ ಒಂದು ತಟ್ಟು, ಕೈ ತಿರುಗಿಸಿ ಒಂದು ಹುಸಿ. ಮತ್ತೆ ಒಂದು ತಟ್ಟು, ಒಂದು ಹುಸಿ. ಎಂಟಾಯಿತು. ಸಭೆಯಲ್ಲಿ ನಿಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜನೋ ಅಮ್ಮನೋ ತಾಳ ಹಾಕುತ್ತಾ ಕೂತಿರುತ್ತಾರೆ. ಅವರ ಕೈ ನೋಡಿಕೊಂಡು ನೀವೂ ಸದ್ದಿಲ್ಲದೆ ಹಾಕಿ. ತಪ್ಪಿದರೆ ಮುಂದಿನ ಮೊದಲ ತಟ್ಟಿಗೆ ಮತ್ತೆ ಸೇರಿಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ಒಂದು ವಿಷಯ ಗೊತ್ತಾಗುತ್ತದೆ: ಗಾಯಕರು ಸ್ವರ ಹಾಕುತ್ತಾ ಎಲ್ಲೆಲ್ಲೋ ಹೋಗಿ, ಹಾಡಿನ ಸಾಲು ಎಲ್ಲಿ ಶುರುವಾಗಿತ್ತೋ ಸರಿಯಾಗಿ ಅದೇ ಎಣಿಕೆಗೆ ಬಂದು ಕೂರುತ್ತಾರೆ. ಆ ಕ್ಷಣಕ್ಕೆ ಸಭೆಯಲ್ಲಿ "ಭೇಷ್" ಅನ್ನುವುದು ಯಾಕೆ ಅಂತ ಆಗ ತಿಳಿಯುತ್ತದೆ.

ಕಛೇರಿಯ ಕ್ರಮವೂ ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ. ಸಾಮಾನ್ಯವಾಗಿ ಶುರುವಿಗೆ ವರ್ಣ ಅನ್ನುವ ಒಂದು ಬಗೆಯ ರಚನೆ, ಆಮೇಲೆ ಚಿಕ್ಕ ಕೃತಿಗಳು (ಅಂದರೆ ಹಾಡುಗಳು), ನಡುವೆ ಒಂದು ದೊಡ್ಡ ಕೃತಿ. ಆ ದೊಡ್ಡದರಲ್ಲಿ ಮೊದಲು ಸಾಹಿತ್ಯವಿಲ್ಲದೆ ರಾಗಾಲಾಪನೆ, ಆಮೇಲೆ ಕೃತಿ, ಒಂದೇ ಸಾಲನ್ನು ಹಲವು ಬಗೆಯಲ್ಲಿ ಹಾಡುವ ನೆರವಲ್, ಸ್ಥಳದಲ್ಲೇ ಸ್ವರ ಹೆಣೆದು ಹಾಡುವ ಕಲ್ಪನಾಸ್ವರ, ಕೊನೆಗೆ ಮೃದಂಗದವರು ತಾವೇ ನುಡಿಸುವ ತನಿ ಆವರ್ತನ. ಅದಾದ ಮೇಲೆ ದೇವರನಾಮ, ಮಂಗಳ.

ತನಿ ಶುರುವಾದ ತಕ್ಷಣ ಕಾಫಿಗೆ ಎದ್ದು ಹೋಗುವವರು ತುಂಬ ಜನ. ದಯವಿಟ್ಟು ನೀವು ಏಳಬೇಡಿ. ಹೊಸಬರಿಗೆ ಕಛೇರಿಯಲ್ಲಿ ಬೇಗ ಹಿಡಿಸುವ ಭಾಗವೇ ಅದು, ಭಾಷೆಯೂ ಬೇಡ, ರಾಗವೂ ಬೇಡ. ಘಟ ಅಥವಾ ಖಂಜಿರ ವಾದ್ಯದವರೂ ಇದ್ದರೆ ಮೃದಂಗದವರು ಹೇಳಿದ್ದಕ್ಕೆ ಅವರು ಉತ್ತರ ಕೊಡುತ್ತಾ ಹೋಗುತ್ತಾರೆ, ಸರದಿ ಬರಬರುತ್ತಾ ಚಿಕ್ಕದಾಗಿ ಕೊನೆಗೆ ಇಬ್ಬರೂ ಸೇರಿ ನುಡಿಸುತ್ತಾರೆ. ನೀವು ತಾಳ ಬಿಡದೆ ಹಿಡಿದಿದ್ದರೆ ಅದರ ಮಜಾ ಬೇರೆಯೇ.

ಎಲ್ಲಿ ಕೇಳುವುದು? ಕುವೆಂಪುನಗರದಲ್ಲಿ ಗಾನಭಾರತಿ ಸಂಗೀತ ಸಭೆಯ ವೀಣೆ ಶೇಷಣ್ಣ ಭವನ ಇದೆ. ಗಣೇಶ ಹಬ್ಬದ ಸಮಯದಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ರಸ್ತೆಗೇ ಪೆಂಡಾಲ್ ಹಾಕಿ ದಿನಾ ಸಂಜೆ ಕಛೇರಿ ನಡೆಸುತ್ತಾರೆ. ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಾರೆ, ಟಿಕೆಟ್ ಇಲ್ಲ. ಮೊದಲ ಸಲ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ, ಯಾಕೆಂದರೆ ಅಲ್ಲಿ ಮನೆಯವರೆಲ್ಲ ಬಂದು ಕೂತಿರುತ್ತಾರೆ, ಬಟ್ಟೆ ಬರೆ ಯಾರೂ ನೋಡುವುದಿಲ್ಲ. ಒಂದು ಹಾಡಿನ ನಡುವೆ ಮಾತ್ರ ಎದ್ದು ಹೋಗಬೇಡಿ, ಮುಗಿದ ಮೇಲೆ ಏಳಿ.

ಈ ಊರಿನ ಸಂಗೀತದ ಹಿನ್ನೆಲೆ ಸ್ವಲ್ಪ ತಿಳಿದುಕೊಂಡರೆ ಕೇಳುವುದಕ್ಕೆ ಇನ್ನೂ ಹುರುಪು ಬರುತ್ತದೆ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಪಿಟೀಲು ಚೌಡಯ್ಯ ಎಲ್ಲ ಅರಮನೆಯ ಆಸ್ಥಾನದಲ್ಲಿದ್ದವರು. ಮೈಕ್ ಬರುವ ಮುಂಚಿನ ಕಾಲದಲ್ಲಿ ಹಿಂದಿನ ಸಾಲಿನವರೆಗೂ ನಾದ ಮುಟ್ಟಲಿ ಅಂತ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡರು. ಜಯಚಾಮರಾಜ ಒಡೆಯರ್ ಸ್ವತಃ ಕೃತಿ ರಚಿಸಿದರು, ಮೈಸೂರಿನ ಕಛೇರಿಗಳಲ್ಲಿ ಅವು ಈಗಲೂ ಕೇಳಸಿಗುತ್ತವೆ.

ರೂಮಿನಲ್ಲಿ ಅಭ್ಯಾಸಕ್ಕೆ ಆಕಾಶವಾಣಿ ಮೈಸೂರು ಹಾಕಿ, ಎಫ್‌ಎಂ 100.6. ಈ ಬಾನುಲಿಯನ್ನು 1935ರಲ್ಲಿ ಶುರು ಮಾಡಿದವರು ನಮ್ಮದೇ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ.

ಹೆಜ್ಜೆ 6: ಚಿತ್ರದ ಮುಂದೆ ನಿಲ್ಲುವುದು

ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಸಾಮಾನ್ಯವಾಗಿ ಒಂದೇ ಸುತ್ತಿನಲ್ಲಿ ಎಲ್ಲ ನೋಡಿ ಹೊರಗೆ ಬರುತ್ತಾರೆ. ನೀವು ಹಾಗೆ ಮಾಡಬೇಡಿ. ಮೂರು ಚಿತ್ರ ಆರಿಸಿಕೊಳ್ಳಿ, ಒಂದೊಂದರ ಮುಂದೆ ಹತ್ತು ನಿಮಿಷ ನಿಲ್ಲಿ.

ಅದರಲ್ಲಿ ಒಂದು ದೀಪ ಹಿಡಿದ ಹೆಣ್ಣಿನ ಚಿತ್ರ ಇರಲಿ. ಬಹಳ ಜನ ಇದನ್ನು ರವಿವರ್ಮನದ್ದು ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್. ಇದು ಜಲವರ್ಣ, ವಿಶೇಷ ಇರುವುದೇ ಅದರಲ್ಲಿ. ಎಣ್ಣೆಬಣ್ಣದಲ್ಲಾದರೆ ತಪ್ಪಿದ ಕಡೆ ಮೇಲೆ ಇನ್ನೊಂದು ಪದರ ಹಚ್ಚಿ ತಿದ್ದಬಹುದು. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪು, ಅದನ್ನು ಮೊದಲೇ ಉಳಿಸಿಕೊಂಡು ಸುತ್ತ ಬಣ್ಣ ಹಾಕುತ್ತಾ ಬರಬೇಕು. ಈಗ ಅವಳ ಬೆರಳುಗಳನ್ನು ನೋಡಿ. ಜ್ವಾಲೆಗೆ ಅಡ್ಡ ಇಟ್ಟ ಅಂಗೈಯ ಬೆರಳ ಸಂದಿಯಲ್ಲಿ ಕೆಂಪು ಹೇಗೆ ಹೊಳೆಯುತ್ತದೆ, ಬೆಳಕು ಮುಖದ ಯಾವ ಭಾಗಕ್ಕೆ ಬಿದ್ದು ಎಲ್ಲಿ ನಿಂತುಹೋಗುತ್ತದೆ, ಸೀರೆಯ ಮಡಿಕೆಯಲ್ಲಿ ಎಷ್ಟು ಬಗೆಯ ಕತ್ತಲಿದೆ. ಹತ್ತು ನಿಮಿಷ ಸಾಲುವುದಿಲ್ಲ ಅಂತ ನಿಮಗೇ ಅನಿಸುತ್ತದೆ.

ಗಂಗೋತ್ರಿಯ ಒಳಗೇ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯ ಇದೆ. 1968ರಲ್ಲಿ ಶುರುವಾದದ್ದು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಹಳ್ಳಿಯ ಮನೆಬಳಕೆಯ ಸಾಮಾನು ಎಲ್ಲ ಕೂಡಿಟ್ಟಿದ್ದಾರೆ. ಹಳೆಯ ಕಟ್ಟಡ, ದುರಸ್ತಿಗೆ ಮುಚ್ಚಿರುವುದೂ ಉಂಟು, ಜಾನಪದ ವಿಭಾಗದಲ್ಲಿ ವಿಚಾರಿಸಿ ಹೋಗಿ. ಇನ್ನು 'ಕಾವಾ' ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಕೆಲಸಗಳ ಪ್ರದರ್ಶನ ಇಡುತ್ತಾರೆ. ನಿಮ್ಮದೇ ವಯಸ್ಸಿನವರು, "ಇದನ್ನು ಯಾಕೆ ಹೀಗೆ ಮಾಡಿದ್ರಿ" ಅಂತ ನೇರವಾಗಿ ಕೇಳಬಹುದು.

ಹೆಜ್ಜೆ 7: ದಸರಾಕ್ಕೆ ತಯಾರಿ

ದಸರಾದಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಯುವ ಸಂಭ್ರಮ, ಯುವ ದಸರಾ ಎರಡಕ್ಕೇ ನಿಲ್ಲುತ್ತಾರೆ. ಯುವ ಸಂಭ್ರಮ ಗಂಗೋತ್ರಿಯ ಬಯಲು ರಂಗಮಂದಿರದಲ್ಲೇ ನಡೆಯುತ್ತದೆ, ಊರೂರಿನ ಕಾಲೇಜು ತಂಡಗಳು ಬರುತ್ತವೆ. ಖಂಡಿತ ನೋಡಿ. ಆದರೆ ಅರಮನೆ ಮುಂದಿನ ವೇದಿಕೆ, ಜಗನ್ಮೋಹನ, ಕಲಾಮಂದಿರ, ಪುರಭವನ, ಚಿಕ್ಕ ಗಡಿಯಾರ ಇಲ್ಲೆಲ್ಲ ದಿನಾ ಸಂಜೆ ಏನಾದರೊಂದು ಇರುತ್ತದೆ. ಪಟ್ಟಿ ಬಂದ ದಿನವೇ ನಿಮಗೆ ಬೇಕಾದ ನಾಲ್ಕಕ್ಕೆ ಗುರುತು ಹಾಕಿ. ಪುರಭವನದ ನಾಟಕಗಳಿಗೆ ನೂಕುನುಗ್ಗಲು ಕಡಿಮೆ, ನನ್ನ ಮಟ್ಟಿಗೆ ದಸರಾದ ಒಳ್ಳೆಯ ಸಂಜೆಗಳು ಅಲ್ಲೇ ಸಿಗುತ್ತವೆ. ಅರಮನೆ ಕಡೆ ಹೋಗುವ ದಿನ ಬಸ್ಸನ್ನು ನಂಬಬೇಡಿ, ರಸ್ತೆ ಮುಚ್ಚಿರುತ್ತಾರೆ. ನಡೆಯಲು ಹಗುರವಾದ ಚಪ್ಪಲಿ ಇರಲಿ.

ಸಿನಿಮಾ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವ ದಾರಿ. ದಸರಾ ಚಲನಚಿತ್ರೋತ್ಸವದಲ್ಲಿ ಕನ್ನಡದ ಜೊತೆ ಬೇರೆ ದೇಶದ ಚಿತ್ರಗಳನ್ನೂ ಹಾಕುತ್ತಾರೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ವಿದ್ಯಾರ್ಥಿಗಳಿಗೆ ಕಡಿಮೆ ದರದ ಪಾಸ್ ಇರುತ್ತದೆ, ನೆಂಟರ ಮನೆ ಇದ್ದರೆ ಎರಡು ದಿನ ಹೋಗಿ ಬನ್ನಿ.

ಹೆಜ್ಜೆ 8: ನೋಡಿದ ರಾತ್ರಿಯೇ ಬರೆಯಿರಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಜಾಗ, ತಂಡ, ನಿರ್ದೇಶಕರ ಹೆಸರು, ಜೊತೆಗೆ ಐದಾರು ಸಾಲು. "ಚೆನ್ನಾಗಿತ್ತು" ಅಂತ ಬರೆದರೆ ಆರು ತಿಂಗಳ ಮೇಲೆ ಏನೂ ನೆನಪಾಗುವುದಿಲ್ಲ. ಕಣ್ಣಿಗೆ ಬಿದ್ದದ್ದನ್ನು ಬರೆಯಿರಿ: ತಾಯಿ ಪಾತ್ರದವರು ಮಗನಿಗೆ ಊಟ ಬಡಿಸುವಾಗ ಒಮ್ಮೆಯೂ ಅವನ ಮುಖ ನೋಡಲಿಲ್ಲ, ಈ ಥರ. ಇಷ್ಟವಾಗದಿದ್ದರೆ ಯಾವ ಜಾಗದಲ್ಲಿ ಮನಸ್ಸು ಬೇರೆಡೆ ಹೋಯಿತು ಅನ್ನುವುದನ್ನೂ ಬರೆಯಿರಿ.

ಹೆಜ್ಜೆ 9: ಪ್ರೇಕ್ಷಕರ ಸಾಲಿನಿಂದ ರಂಗದ ಹಿಂದಕ್ಕೆ

ಒಂದು ವರ್ಷ ನೋಡಿದ ಮೇಲೆ ಕೈ ಸುಮ್ಮನಿರುವುದಿಲ್ಲ. ನಟಿಸಲು ಸಂಕೋಚ ಇದ್ದರೂ ಪರವಾಗಿಲ್ಲ. ಹವ್ಯಾಸಿ ತಂಡಗಳಿಗೆ ಯಾವಾಗಲೂ ಜನ ಬೇಕು. ಪರಿಕರಗಳ ಪಟ್ಟಿ ಮಾಡಿ ಯಾವುದು ಯಾವ ಸೈಡ್ ವಿಂಗ್‌ನಲ್ಲಿ ಇರಬೇಕು ಅಂತ ನೋಡಿಕೊಳ್ಳುವುದು, ಕುರ್ಚಿ ಇಡುವ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸುವುದು, ಲೈಟ್ ಕಟ್ಟುವಾಗ ಏಣಿ ಹಿಡಿಯುವುದು, ಟಿಕೆಟ್ ಹರಿಯುವುದು. ಇಂಥ ಕೆಲಸದಲ್ಲಿ ನಾಟಕ ಒಳಗಿನಿಂದ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ಕಾಣುತ್ತದೆ. ಕೇಳುವಾಗ ನಿಮಗೆ ಎಷ್ಟು ಸಂಜೆ ಬರಲು ಸಾಧ್ಯ ಅಂತ ಖಚಿತವಾಗಿ ಹೇಳಿ. ಗ್ರ್ಯಾಂಡ್ ರಿಹರ್ಸಲ್ ದಿನ ಕೈಕೊಡುವವರಿಂದ ಇಡೀ ತಂಡಕ್ಕೆ ತೊಂದರೆ.

ವೇದಿಕೆ ಹತ್ತಬೇಕು ಅನ್ನುವವರಿಗೆ ವಿಶ್ವವಿದ್ಯಾಲಯದ ಯುವಜನೋತ್ಸವ ಇದೆ. ಅಂತರ ಕಾಲೇಜು ಮಟ್ಟದಲ್ಲಿ ಗೆದ್ದು ಆಯ್ಕೆಯಾದವರು ವಲಯ ಮಟ್ಟಕ್ಕೆ, ಅಲ್ಲಿಂದ ರಾಷ್ಟ್ರ ಮಟ್ಟಕ್ಕೆ ಹೋಗಬಹುದು. ಸಂಗೀತ, ನೃತ್ಯ, ರಂಗಭೂಮಿ, ಸಾಹಿತ್ಯ, ಲಲಿತಕಲೆ ಅಂತ ಐದು ವಿಭಾಗ. ಏಕಾಂಕಕ್ಕೆ 30 ನಿಮಿಷ, ಕಿರುಪ್ರಹಸನಕ್ಕೆ 10, ಮೂಕಾಭಿನಯಕ್ಕೆ 5. ಸಮಯ ಮೀರಿದರೆ ಅಂಕ ಹೋಗುತ್ತದೆ, ಆದ್ದರಿಂದ ರಿಹರ್ಸಲ್‌ನಲ್ಲೇ ಒಬ್ಬರು ಗಡಿಯಾರ ಹಿಡಿದು ಕೂರಲಿ. ವಯಸ್ಸಿನ ಮಿತಿ ಇದೆ, 25 ದಾಟಿರಬಾರದು, ಹಾಗಾಗಿ ಪಿಎಚ್‌.ಡಿ.ಗೆ ಸೇರಿದ ಮೇಲೆ ನೋಡೋಣ ಅಂತ ಮುಂದೂಡಬೇಡಿ. ಹೆಸರು ಕೊಡಲು ಕಾಲೇಜಿನ ಸಾಂಸ್ಕೃತಿಕ ಸಮಿತಿಯ ಸಂಚಾಲಕರನ್ನು ಸೆಮಿಸ್ಟರ್ ಶುರುವಿನಲ್ಲೇ ಭೇಟಿ ಮಾಡಿ. ಆಯ್ಕೆ ಎಷ್ಟೋ ಸಲ ನೋಟಿಸ್ ಬೋರ್ಡಿಗೆ ಬಂದ ಎರಡೇ ದಿನಕ್ಕೆ ನಡೆದುಹೋಗುತ್ತದೆ. ಹೋಗುವಾಗ ಐಡಿ ಕಾರ್ಡ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್, ಎರಡು ಫೋಟೊ ಬ್ಯಾಗಿನಲ್ಲಿ ಹಾಕಿಕೊಂಡಿರಿ.